‘ಪಯನಿಯರ್’ ರೈತನನ್ನು ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಅಮೆರಿಕದ ಎಜ್ರಾ ಮೀಕರ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 1852ರಲ್ಲಿ ಹೆಂಡತಿ, ಎಳೆಗೂಸನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಅಯೋವಾದಿಂದ ಪಶ್ಚಿಮಕ್ಕೆ ಹೊರಟ ರೈತ. ದಾರಿಯೇ ಸುಮಾರು ಐದು ತಿಂಗಳು. ಕೊನೆಗೆ ಈಗಿನ ವಾಷಿಂಗ್ಟನ್ ರಾಜ್ಯದ ಪ್ಯುಯಾಲಪ್ ಕಣಿವೆಯಲ್ಲಿ ನೆಲೆ ನಿಂತ. ಇಂಥವರನ್ನು ಅಲ್ಲಿ ‘ಪಯನಿಯರ್’ ಅನ್ನುತ್ತಾರೆ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಪತ್ರಿಕೆಗಳಲ್ಲಿ ‘ಹರಿಕಾರ’ ಅಂತ ಬರೆಯುತ್ತಾರೆ. ಮೂಲದಲ್ಲಿ ಅದು ಓಲೆ ಒಯ್ಯುವ ಆಳು. ಈಗ ಹೊಸತೊಂದನ್ನು ಶುರು ಮಾಡಿದವರಿಗೆಲ್ಲ ನಡೆಯುತ್ತದೆ, ನಿಜ. ಆದರೆ ಮರ ಕಡಿದು, ಬೇರು ಕಿತ್ತು, ನೆಲ ಹದ ಮಾಡಿದವನ ಚಿತ್ರ ಅದರಲ್ಲಿ ಬರುವುದಿಲ್ಲ. ‘ಮೊದಲಿಗ’ ಅಂದರೆ ಸುಳ್ಳೇ ಆಗುತ್ತದೆ. ಪ್ಯುಯಾಲಪ್ ಎಂಬ ಮೂಲನಿವಾಸಿ ಜನ ಅಲ್ಲಿ ಮೊದಲೇ ಇದ್ದರು, ಕಣಿವೆಗೆ ಇರುವುದೂ ಅವರ ಹೆಸರೇ. 1856ರಲ್ಲಿ ಅಲ್ಲಿನ ಇನ್ನೊಂದು ಮೂಲನಿವಾಸಿ ಬುಡಕಟ್ಟಾದ ನಿಸ್ಕ್ವಾಲಿಯ ನಾಯಕ ಲೆಶೈ ಮೇಲೆ ಕೊಲೆ ಮೊಕದ್ದಮೆ ನಡೆದಾಗ ಮೀಕರ್ ಜ್ಯೂರಿಯಲ್ಲಿದ್ದ. ಲೆಶೈ ತಪ್ಪಿತಸ್ಥ ಅನ್ನಲು ಆತ ಒಪ್ಪಲೇ ಇಲ್ಲ. ಅಂಥವನಿಗೆ ‘ಮೊದಲಿಗ’ ಅಂತ ಹೆಸರಿಡಲು ನನಗೆ ಮನಸ್ಸಿಲ್ಲ. ಇನ್ನು ‘ಗುಳೆ ಹೋದವ’? ಗುಳೆ ಹೋದವರು ಮಳೆ ಬಿದ್ದರೆ ಊರಿಗೆ ಮರಳುತ್ತಾರೆ.

ನನಗೆ ಹಿಡಿಸಿರುವುದು ‘ಹೊಸ ಒಕ್ಕಲು’. ಗೃಹಪ್ರವೇಶಕ್ಕೆ ಕರಾವಳಿಯಲ್ಲಿ ‘ಮನೆ ಒಕ್ಕಲು’ ಅಂತಾರೆ ಅಲ್ವಾ? ಒಲೆ ಹೊತ್ತಿಸಿ ಬದುಕು ಶುರು ಮಾಡುವ ಅರ್ಥ ಅದರಲ್ಲಿದೆ, ಬೇಸಾಯವೂ ಇದೆ. ಭಯ ಒಂದೇ: ಮಲೆನಾಡಿನ ಓದುಗರಿಗೆ ‘ಒಕ್ಕಲು’ ಅಂದ ಕೂಡಲೇ ಗೇಣಿಗೆ ಮಾಡುವವನು ನೆನಪಾಗಬಹುದು. ಮೀಕರ್ ಮಾಡಿದ್ದು ಸ್ವಂತ ಜಮೀನು. ‘ಒಕ್ಕಲಿಗ’ ಅಂದರೆ ಜಾತಿಯ ಹೆಸರಾಗುತ್ತದೆ.

ಎರಡನೆಯ ತೊಡಕು ಅವನ ವ್ಯಾಪಾರದ್ದು. 1865ರಲ್ಲಿ ತಂದೆಗೆ ಬಂದ ಹಾಪ್ಸ್ ಬೇರುಗಳಲ್ಲಿ ಒಂದಿಷ್ಟು ತಾನೂ ನೆಟ್ಟ. ಬಿಯರಿಗೆ ಕಹಿ ಕೊಡುವ ಹೂವಿನ ಬಳ್ಳಿ ಅದು. ಮುಂದೆ ನೆರೆಯವರ ಬೆಳೆಗೆ ಮುಂಗಡ ಕೊಟ್ಟು, ಮಾಲು ಕೊಂಡು ಲಂಡನ್ನಿಗೆ ಕಳಿಸತೊಡಗಿದ. ಶಿರಸಿಯ ಅಡಿಕೆ ಮಂಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1892ರಲ್ಲಿ ಬಳ್ಳಿಗೆ ಹೇನು ಬಿತ್ತು. ಕೊಟ್ಟ ಮುಂಗಡ ಮುಳುಗಿತು, ಲಕ್ಷ ಡಾಲರಿಗೂ ಜಾಸ್ತಿ. ಇಲ್ಲಿಯವರೆಗೆ ‘ಮಂಡಿ ಸಾಹುಕಾರ’ ಅನ್ನಬಹುದು. ಆದರೆ 1898ರಲ್ಲಿ, 67ರ ವಯಸ್ಸಿನಲ್ಲಿ, ಕೆನಡಾದ ಡಾಸನ್‌ಗೆ ಹೋಗಿ ಚಿನ್ನ ಅಗೆಯುವವರಿಗೆ ಒಣಗಿಸಿದ ತರಕಾರಿ ಮಾರಿದ. ಅಲ್ಲಿ ಅವನು ಬರೀ ಅಂಗಡಿಯವ. ‘ವರ್ತಕ’ ಅಂದರೆ ಎರಡೂ ಸೇರುತ್ತವೆ, ಆದರೆ ಮುಂಗಡದ ಕಷ್ಟವೂ ಕಾಣುವುದಿಲ್ಲ, ತಕ್ಕಡಿಯೂ ಕಾಣುವುದಿಲ್ಲ.

ಕಾಡು ಕಡಿದು ಊರು ಕಟ್ಟಿದ ಹಿರಿಯರನ್ನು ನಿಮ್ಮ ಕಡೆ ಏನಂತ ಕರೆಯುತ್ತಾರೆ? ‘ಹೊಸ ಒಕ್ಕಲು’ ಓದಿದಾಗ ನಿಮಗೆ ಗೇಣಿಯ ನೆನಪು ಬಂತಾ? ತಿಳಿಸಿ.