ಅಪ್‌ಡೇಟ್: ಟಿಕೆಟ್ ಹಾಕಿ ಕಾಯುವ ಕಾಟ ತಪ್ಪಿತು

ಹಾಸನದ ನಮ್ಮ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಸರ್ವಿಸ್ ಶುರು ಮಾಡೋಕೂ ಡೆವಲಪರ್‌ಗಳು ಟಿಕೆಟ್ (ಕೆಲಸದ ಕೋರಿಕೆ) ಹಾಕಿ ಕಾಯಬೇಕು, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ದಾರಿ ಸಿಕ್ಕಿತು.

"ಮೊದಲು ಒಂದೇ ಒಂದು ಟೆಂಪ್ಲೇಟ್ ಮಾಡಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಟೆಂಪ್ಲೇಟ್ ಅಂದರೆ ಹೊಸ ಸರ್ವಿಸ್‌ಗೆ ಬೇಕಾದ್ದನ್ನು ತಾನೇ ತಯಾರಿಸುವ ಸಿದ್ಧ ಮಾದರಿ. ಸ್ಪಾಟಿಫೈ 2020ರಲ್ಲಿ ಓಪನ್ ಸೋರ್ಸ್ ಮಾಡಿದ ಬ್ಯಾಕ್‌ಸ್ಟೇಜ್ (ಡೆವಲಪರ್‌ಗಳಿಗೆ ಬೇಕಾದ್ದನ್ನು ಒಂದೇ ಕಡೆ ಕೊಡುವ ಪೋರ್ಟಲ್) ಹಾಕಿದೆವು. ಅದರಲ್ಲಿ ಟೆಂಪ್ಲೇಟ್‌ನ ಫಾರ್ಮ್‌ನಲ್ಲಿ ಸರ್ವಿಸ್ ಹೆಸರು, ತಂಡದ ಹೆಸರು ತುಂಬಿದರೆ ಸಾಕು. ಗಿಟ್ ರೆಪೊ (ಕೋಡ್ ಇಡುವ ಜಾಗ), ಪೈಪ್‌ಲೈನ್ (ಕೋಡನ್ನು ತಾನಾಗಿ ಪರೀಕ್ಷಿಸಿ ಸರ್ವರ್‌ಗೆ ಹಾಕುವ ವ್ಯವಸ್ಥೆ), ಕುಬರ್ನೆಟಿಸ್ ನೇಮ್‌ಸ್ಪೇಸ್ (ಸರ್ವಿಸ್‌ಗಳನ್ನು ಸರ್ವರ್‌ಗಳಲ್ಲಿ ನಡೆಸುವ ಕುಬರ್ನೆಟಿಸ್‌ನಲ್ಲಿ ಪ್ರತ್ಯೇಕ ವಿಭಾಗ) ಎಲ್ಲ ರೆಡಿ.

ಹಳೇ ಸರ್ವಿಸ್‌ಗಳನ್ನೆಲ್ಲ ಮೊದಲೇ ಬ್ಯಾಕ್‌ಸ್ಟೇಜ್‌ನ ಕ್ಯಾಟಲಾಗ್‌ಗೆ (ಸರ್ವಿಸ್‌ಗಳ ಪಟ್ಟಿಗೆ) ಸೇರಿಸಿ ಅನ್ನುವ ಸಲಹೆ ನಮಗೆ ಆಗಿಬರಲಿಲ್ಲ. ಯಾವುದು ಯಾರದು ಅಂತ ಹುಡುಕೋದೇ ದೊಡ್ಡ ಕೆಲಸ.

ಒಂದು ವಿಷಯ ಮಾತ್ರ ಗೊತ್ತೇ ಇರಲಿಲ್ಲ. ನೇಮ್‌ಸ್ಪೇಸ್‌ಗೆ ಸಿಪಿಯು, ಮೆಮೊರಿ ಲಿಮಿಟ್‌ಗಳ ಮೇಲೆ ರಿಸೋರ್ಸ್‌ಕೋಟಾ (ಇಡೀ ನೇಮ್‌ಸ್ಪೇಸ್‌ಗೆ ಒಟ್ಟು ಮಿತಿ) ಹಾಕಿದರೆ, ಲಿಮಿಟ್ ಬರೆಯದ ಪಾಡ್‌ಗಳು (ಸರ್ವಿಸ್ ಓಡುವ ಚಿಕ್ಕ ಘಟಕಗಳು) ಶುರುವಾಗುವುದೇ ಇಲ್ಲ! ಲಿಮಿಟ್‌ರೇಂಜ್ ಎಂಬ ಕುಬರ್ನೆಟಿಸ್ ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಲಿಮಿಟ್ ಕೊಟ್ಟರೆ ಸರಿಹೋಗುತ್ತದೆ. ಅದನ್ನೂ ಟೆಂಪ್ಲೇಟ್‌ನಲ್ಲೇ ಸೇರಿಸಿಬಿಡಿ.