ಪಿಂಚಣಿ ಇಲ್ಲದ ಮಾಜಿ ಸೈನಿಕರು, ಬಾಡಿಗೆ ಮನೆ ಖಾಲಿ ಮಾಡಬೇಕಂತೆ: ಎಲ್ಲಿಂದ ಶುರು ಮಾಡೋದು? (ತುಮಕೂರು)

ಶಿರಾಗೇಟ್:
ಪಕ್ಕದ ವಠಾರದ ಹಿರಿಯರೊಬ್ಬರ ಪರವಾಗಿ ಕೇಳ್ತಿದ್ದೀನಿ. ವಯಸ್ಸು 67. ಸೇನೆಯಲ್ಲಿ ಸಿಪಾಯಿಯಾಗಿದ್ದವರು, ಪಿಂಚಣಿ ಬರುವಷ್ಟು ಸೇವೆ ಆಗುವ ಮೊದಲೇ 1989ರಲ್ಲಿ ಹೊರಗೆ ಬಂದಿದ್ದಾರೆ. ಗ್ರಾಚ್ಯುಟಿ ಮಾತ್ರ ಸಿಕ್ಕಿದೆ. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಬಾಡಿಗೆ 3,500. ಕಟ್ಟಡ ಮಾರ್ತೀವಿ, ಈ ತಿಂಗಳಲ್ಲೇ ಖಾಲಿ ಮಾಡಿ ಅಂತ ಮಾಲೀಕರು ಬಾಯಿಮಾತಲ್ಲಿ ಹೇಳಿದ್ದಾರೆ. ಕೊರಟಗೆರೆ ತಾಲ್ಲೂಕಿನ ಊರಲ್ಲಿ ಅಪ್ಪನ ಹೆಸರಿನ ಜಾಗ ಇದೆ, ಮನೆ ಬಿದ್ದುಹೋಗಿದೆ. ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆ ಆದಾಗ ಕೊಡೋ ಪುಸ್ತಕ) ಕಳೆದಿದೆ, ಒಂದು ಪುಟದ ಜೆರಾಕ್ಸ್ ಉಳಿದಿದೆ. ಮಾಜಿ ಸೈನಿಕರಿಗೆ ಮನೆ ಕೊಡೋ ಯೋಜನೆ ಯಾವುದು?

ಜಯಮಂಗಲಿ:
ಹಾಗಂತಲೇ ಒಂದು ಯೋಜನೆ ಹುಡುಕಿಕೊಂಡು ಹೊರಟರೆ ಚಪ್ಪಲಿ ಸವೆಯುತ್ತೆ ಅಷ್ಟೆ. ಕೇಂದ್ರೀಯ ಸೈನಿಕ ಮಂಡಳಿಯಲ್ಲಿ ಮನೆ ರಿಪೇರಿಗೆ 20,000 ಇದೆ, ಅದು ಶೇ. 100 ಅಂಗವೈಕಲ್ಯ ಇರುವವರಿಗೆ ಮತ್ತು ಅನಾಥ ಹೆಣ್ಣುಮಕ್ಕಳಿಗೆ. ಮನೆ ಸಾಲದ ಬಡ್ಡಿಯಲ್ಲಿ ಅರ್ಧ ವಾಪಸ್ ಕೊಡೋದು ಯುದ್ಧದಲ್ಲಿ ಅಂಗ ಕಳೆದುಕೊಂಡವರಂಥವರಿಗೆ. ಇವರಿಗೆ ಎರಡೂ ಬರಲ್ಲ.

ಇವರಿಗೆ ಹೊಂದೋದು ಅದೇ ಮಂಡಳಿಯ ಪೆನ್ಯೂರಿ ಗ್ರ್ಯಾಂಟ್, ಅಂದರೆ ಕಡುಬಡತನದಲ್ಲಿರುವವರಿಗೆ ಕೊಡೋ ಸಹಾಯಧನ. ಪಿಂಚಣಿ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಇರೋದು. ಮೊದಲು ತಿಂಗಳಿಗೆ 4,000 ಇತ್ತು, 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗಳಿಗೆ 8,000. ಅಂದರೆ ಬಾಡಿಗೆ ಕಟ್ಟಿ ಕೈಯಲ್ಲಿ 4,500 ಉಳಿಯುತ್ತೆ. ಅರ್ಜಿ ಮಂಡಳಿಯ ಜಾಲತಾಣದಲ್ಲಿ ಹಾಕಬೇಕು, ಶಿಫಾರಸು ನಿಮ್ಮ ಜಿಲ್ಲೆ ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಯಿಂದ ಹೋಗುತ್ತೆ. ಸಂಧ್ಯಾ ಸುರಕ್ಷಾ ಏನಾದರೂ ಬರ್ತಿದ್ದರೆ ಮುಚ್ಚಿಡದೆ ಬರೆಯಿರಿ.

ಆದರೆ ಅದಕ್ಕೂ ಮೊದಲು ಒಂದು ಗಂಟು ಬಿಚ್ಚಬೇಕು. 1987ರ ಜುಲೈ 1ರ ನಂತರ ಹೊರಬಂದವರು ಎಲ್ಲರೂ ‘ಮಾಜಿ ಸೈನಿಕ’ ಅನ್ನಿಸಿಕೊಳ್ಳಲ್ಲ. ಪಿಂಚಣಿ ಸಮೇತ ಬಂದಿರಬೇಕು, ಇಲ್ಲಾ ಅಂಗವೈಕಲ್ಯ ಪಿಂಚಣಿ ಇರಬೇಕು, ಇಲ್ಲಾ ಸೇನೆಯೇ ಹುದ್ದೆ ಕಡಿತ ಮಾಡಿ ಕಳಿಸಿರಬೇಕು, ಇಲ್ಲಾ ಒಪ್ಪಿಕೊಂಡ ಅವಧಿ ಮುಗಿಸಿ ಗ್ರಾಚ್ಯುಟಿ ತಗೊಂಡಿರಬೇಕು. ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಡುಗಡೆ ಕಾರಣದ ಸಾಲಲ್ಲಿ ‘ಅಟ್ ಹಿಸ್ ಓನ್ ರಿಕ್ವೆಸ್ಟ್’ (ಸ್ವಂತ ಕೋರಿಕೆ ಮೇರೆಗೆ) ಅಂತ ಇದ್ದು ಪಿಂಚಣಿ ಇಲ್ಲದಿದ್ದರೆ ಗುರುತಿನ ಚೀಟಿನೇ ಸಿಗಲ್ಲ, ಉಳಿದ ಮಾತೆಲ್ಲ ಅಲ್ಲಿಗೇ ನಿಲ್ಲುತ್ತೆ. ಹಾಗಾಗಿ ಮೊದಲು ಆ ಜೆರಾಕ್ಸಲ್ಲಿ ಆರ್ಮಿ ನಂಬರ್ ಮತ್ತು ರೆಜಿಮೆಂಟ್ ಹೆಸರು ಓದಿ. ಪುಸ್ತಕ ಕಳೆದಿದೆ ಅಂತ ಪೊಲೀಸ್ ಠಾಣೆಯಿಂದ ಸ್ವೀಕೃತಿ, ಒಂದು ಅಫಿಡವಿಟ್ ಮಾಡಿಸಿ, ಸೈನಿಕ ಕಚೇರಿ ಮೂಲಕ ಅವರ ದಳದ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ ಆಫೀಸಿಗೆ ಬರೆಸಿ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಆದರೆ ಬೆಂಗಳೂರಲ್ಲೇ, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್.

ಕೋರ್ಟ್‌ಕಟ್ಟೆ:
ಬಾಡಿಗೆ ವಿಷಯ: ತಿಂಗಳ ಬಾಡಿಗೆ ಒಂದು ಮಿತಿ ದಾಟಿದರೆ 1999ರ ಬಾಡಿಗೆ ಕಾಯ್ದೆ ಅನ್ವಯಿಸಲ್ಲ. ಹಾಗಂತ ಬಾಯಲ್ಲಿ ಹೇಳಿ ಬೀಗ ಹಾಕೋ ಹಾಗೂ ಇಲ್ಲ. ತಿಂಗಳ ಬಾಡಿಗೆಗೆ 15 ದಿನದ ಲಿಖಿತ ನೋಟಿಸ್ ಕೊಡಬೇಕು, ಆಮೇಲೂ ಬಿಡದಿದ್ದರೆ ದಾವೆ ಹಾಕಬೇಕು. ಆದ್ದರಿಂದ ಈ ತಿಂಗಳ ಬಾಡಿಗೆಯನ್ನು ನಗದಾಗಿ ಕೊಡಬೇಡಿ, ಫೋನ್‌ಪೇನೋ ಮನಿ ಆರ್ಡರೋ ಮಾಡಿ, ದಾಖಲೆ ಉಳಿಯಲಿ. ಅಡ್ವಾನ್ಸ್ ಕೈಗೆ ಬರುವ ಮುಂಚೆ ಬೀಗದ ಕೈ ಕೊಡಬೇಡಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಸೈನಿಕರ ಮತ್ತು ಅವರ ಕುಟುಂಬದವರ ಕಾನೂನು ನೆರವಿಗೇ 2025ರ ಜುಲೈನಲ್ಲಿ ನಾಲ್ಸಾದ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ವೀರ ಪರಿವಾರ ಸಹಾಯತಾ ಯೋಜನೆ ಬಂದಿದೆ. ಇಲ್ಲಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಕಡತ ನಂ. 9:
ಊರಿನ ಜಾಗದ ಬಗ್ಗೆ. ಮನೆ ಕಟ್ಟಿಕೊಳ್ಳೋಕೆ ಸರ್ಕಾರದ ಬಸವ ವಸತಿ ಯೋಜನೆಯಲ್ಲಿ 1.20 ಲಕ್ಷ, ಪರಿಶಿಷ್ಟರಾದರೆ ಅಂಬೇಡ್ಕರ್ ನಿವಾಸದಲ್ಲಿ 1.75 ಲಕ್ಷ. ಗ್ರಾಮಸಭೆಯಲ್ಲಿ ಹೆಸರು ಆಯ್ಕೆ ಆಗಬೇಕು. ಮನೆ ಸಾಮಾನ್ಯವಾಗಿ ಹೆಂಗಸರ ಹೆಸರಿಗೇ ಕೊಡೋದು, ಮಾಜಿ ಸೈನಿಕರು, ವಿಧುರರು, ಹಿರಿಯ ನಾಗರಿಕರಿಗೆ ವಿನಾಯಿತಿ ಇದೆ. ‘ಗಂಡಸರಿಗೆ ಬರಲ್ಲ’ ಅಂತ ಯಾರಾದರೂ ವಾಪಸ್ ಕಳಿಸಿದರೆ ಈ ಮಾತು ನೆನಪಿರಲಿ. ಗ್ರಾಮೀಣ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ. 8,000 ಗ್ರ್ಯಾಂಟನ್ನು ಆದಾಯ ಅಂತ ಹಿಡಿದರೂ 96,000, ದಾಟಲ್ಲ.

ಕೆಡೋದು ಬೇರೆ ಕಡೆ. ಒಂದು, ಜಾಗ ಇನ್ನೂ ಅಪ್ಪನ ಹೆಸರಲ್ಲಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಖಾತೆ ಬದಲಾಯಿಸಿ ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಮಾಡಿಸಬೇಕು, ಅಣ್ಣತಮ್ಮಂದಿರಿದ್ದರೆ ಒಪ್ಪಿಗೆ ಬೇಕು. ಎರಡು, ರೇಷನ್ ಕಾರ್ಡ್ ತುಮಕೂರು ನಗರದ್ದಾದರೆ ಪಂಚಾಯಿತಿಯವರು ‘ನೀವು ನಮ್ಮೂರಲ್ಲಿಲ್ಲ’ ಅಂತಾರೆ, ವಿಳಾಸ ಮೊದಲೇ ಬದಲಾಯಿಸಿ. ಮೂರನೆಯದು ದುಡ್ಡು: ಮುಂಗಡ ಅಂತ ಕೊಡಲ್ಲ. ತಳಪಾಯ ಕೈಯಿಂದ ಹಾಕಿ ಮುಗಿಸಿ, ಫಲಾನುಭವಿಯನ್ನು ಎದುರಿಗೆ ನಿಲ್ಲಿಸಿ ಜಿಪಿಎಸ್ ಫೋಟೊ ತೆಗೆದ ಮೇಲೆ ಮೊದಲ ಕಂತು. ಆಮೇಲೆ ಲಿಂಟಲ್, ಛಾವಣಿ, ಪೂರ್ಣ. ವಾಸ್ತು ಅಂತ ತಳಪಾಯವನ್ನು ಮೊದಲ ಫೋಟೊದ ಜಾಗದಿಂದ ಪಕ್ಕಕ್ಕೆ ಸರಿಸಿದರೆ ಕಂತು ಅಲ್ಲೇ ಸಿಕ್ಕಿಕೊಳ್ಳುತ್ತೆ. ಕೈಯಲ್ಲಿ ಏನೂ ಇಲ್ಲದ ಒಂಟಿ ಹಿರಿಯರಿಗೆ ಇದು ಎರಡನೇ ಹೆಜ್ಜೆ, ಮೊದಲನೆಯದಲ್ಲ.

ಮಧುಗಿರಿ ಏಕಶಿಲೆ:
ಇಲ್ಲೇ ಇನ್ನೊಂದು ಕೇಳಬಹುದಾ? ಪಿಂಚಣಿ ಇರುವ ಹವಾಲ್ದಾರರು, ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟರು, ಈಗ ಹೊರಗೆ ಹಾಕಿದ್ದಾನೆ. ಅವರಿಗೂ ಬಸವ ವಸತಿ ಸಿಗುತ್ತಾ?

ಕೋರ್ಟ್‌ಕಟ್ಟೆ:
ಸಿಗಲ್ಲ. ಕನಿಷ್ಠ ಪಿಂಚಣಿಯೇ 9,000. ಮೇಲೆ ಅರ್ಧದಷ್ಟು ತುಟ್ಟಿಭತ್ಯೆ ಅಂದುಕೊಂಡರೂ ವರ್ಷಕ್ಕೆ 1,62,000, ಮಿತಿ ದಾಟಿತು. ಅವರು ಹೋಗಬೇಕಾದ್ದು ಪಂಚಾಯಿತಿಗಲ್ಲ, ಮಧುಗಿರಿ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ. 2007ರ ಹಿರಿಯ ನಾಗರಿಕರ ಕಾಯ್ದೆ, ಕಲಂ 23ರಡಿ ದಾನಪತ್ರ ರದ್ದು ಮಾಡಿ ಅಂತ ಕೇಳಬಹುದು. ದಾನಪತ್ರ ಆ ಕಾಯ್ದೆ ಬಂದ ಮೇಲಿನದಾಗಿರಬೇಕು, ನೋಡಿಕೊಳ್ಳಬೇಕು ಅನ್ನೋ ಷರತ್ತು ಇರಬೇಕು. ಷರತ್ತೇ ಇಲ್ಲದ ಪತ್ರವನ್ನು ರದ್ದು ಮಾಡಿಸೋದು ಕಷ್ಟ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಓದಬೇಕು, ಮನೆ ಬಿಡಿಸಿಕೊಡುವ ಅಧಿಕಾರವೂ ಈ ಕಾಯ್ದೆಯ ನ್ಯಾಯಮಂಡಳಿಗೆ (ಎಸಿಯೇ ಅದರ ಮುಖ್ಯಸ್ಥರು) ಇದೆ ಅಂತ ಅದೇ ಕೋರ್ಟ್ ಹೇಳಿದೆ. ಪತ್ರದ ಜೊತೆ ಬೇರೆ ಕರಾರು, ಚೀಟಿ ಬರೆಸಿಕೊಂಡಿದ್ದರೆ ಅದನ್ನೂ ಲಗತ್ತಿಸಿ. ಜೀವನಾಂಶಕ್ಕೂ ಅದೇ ಅರ್ಜಿಯಲ್ಲಿ ಕೇಳಿ.

ಶಿರಾಗೇಟ್:
ಎಲ್ಲರಿಗೂ ಥ್ಯಾಂಕ್ಸ್. ನಂಬರ್ ಓದಕ್ಕಾಗುತ್ತೆ, ಎಎಸ್‌ಸಿ ಅಂತ ಇದೆ. ಹಾಳೆ ಮಡಿಕೆಯಲ್ಲಿ ಹರಿದಿದೆ, ಲ್ಯಾಮಿನೇಷನ್ ಮಾಡಿಸಲಾ?

ಜಯಮಂಗಲಿ:
ಬೇಡ. ಹಳೇ ಜೆರಾಕ್ಸ್ ಬಿಸಿಗೆ ಪ್ಲಾಸ್ಟಿಕ್‌ಗೆ ಅಂಟಿಕೊಂಡರೆ ಅಕ್ಷರ ಅಳಿಸಬಹುದು. ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಸೇರಿದ ದಿನ, ಬಿಟ್ಟ ದಿನ ಇದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ.