ಕುಕೀ ಅಳಿಸೂದು ಬ್ಯಾರೆ, ಲಾಗೌಟ್ ಬ್ಯಾರೆ

ಬಸು ಕಾಕಾ (ಫಾರ್ವರ್ಡ್): ದಿನಾ ರಾತ್ರಿ ಬ್ರೌಸರಿನ ಹಿಸ್ಟರಿ, ಕುಕೀ, ಸೈಟ್ ಸೆಟ್ಟಿಂಗ್ಸ್ ಎಲ್ಲಾ ಅಳಿಸ್ರಿ. ‘ಆಲ್ ಟೈಮ್’ ಆರಿಸಿ ಎಲ್ಲಾದಕ್ಕೂ ಟಿಕ್ ಹಾಕ್ರಿ. ನಿಮ್ಮ ಖಾತೆ ಸುರಕ್ಷಿತ!!

ಮಲ್ಲು: ಕಾಕಾ, ಇದನ್ನ ಎಲ್ಲಾರೂ ಮಾಡಿದ್ರ ನಾಳಿಗೆ “ಬ್ರೌಸರ್ ಎಲ್ಲಾ ಮರೀತೈತಿ” ಅಂತ ಇದ ಗುಂಪಿನಾಗ ತಕರಾರು ಬರ್ತಾವ. ಲಾಗಿನ್ ಗುರುತು ಕುಕೀಯೊಳಗ, ಅಂದ್ರ ಸೈಟ್ ನಿಮ್ಮ ಬ್ರೌಸರಿನಾಗ ಇಡೂ ಸಣ್ಣ ದಾಖಲೆಯೊಳಗ, ಇರ್ತೈತಿ. ಕ್ಯಾಮೆರಾ, ಪಾಪ್‌ಅಪ್, ನೋಟಿಫಿಕೇಶನ್ ಪರವಾನಿಗಿ ಸೈಟ್ ಸೆಟ್ಟಿಂಗ್ಸ್‌ನಾಗ. ಎರಡಕ್ಕೂ ಟಿಕ್ ಹಾಕಿದ್ರ ಎರಡೂ ಹೋದುವು.

ಮಲ್ಲು: ಬರೇ ಕ್ಯಾಶ್ ಫೈಲ್ (ಪುಟ ಲಗೂನ ತೆರೀಲಿ ಅಂತ ಬ್ರೌಸರ್ ಇಟ್ಕೊಂಡ ನಕಲು) ಅಳಿಸಿದ್ರ ಲಾಗಿನ್ ಹೋಗೂದಿಲ್ಲ.

ಬಸು ಕಾಕಾ: ಹೋದ್ರ ಹೋಗ್ಲಿ ಬಿಡಪಾ, ಮತ್ತ ಪಾಸ್‌ವರ್ಡ್ ಹೊಡದ್ರ ಆತು. ವಿಜಯಪುರದಾಗ ಅಂಗಡಿ ಕಂಪ್ಯೂಟರಿಗೆ ನಾಕು ಮಂದಿ ಕೈ ಹಚ್ತಾರ. ಹಿಂದಿನವನ ಖಾತೆ ಮುಂದಿನವಗ ತೆರೀಬಾರ್ದು.

ಗೀತಕ್ಕ: ಆ ಕಾಳಜಿ ಖರೇನ ಐತ್ರಿ ಕಾಕಾ. ಆದ್ರ ಕುಕೀ ಅಳಿಸಿದ್ರ ಲಾಗೌಟ್ ಆದಂಗಲ್ಲ. ಲಾಗಿನ್ ಆದಾಗ ಸರ್ವರ್ ಒಂದು ಸೆಷನ್ (ನೀವು ಲಾಗಿನ್ ಆಗೀರಿ ಅನ್ನೂ ದಾಖಲೆ) ತೆರದು ಅದರ ಗುರುತನ್ನ ಬ್ರೌಸರಿಗೆ ಕೊಡ್ತೈತಿ. ನೀವು ಅಳಿಸೂದು ನಿಮ್ಮ ಕಡೆ ಇರೂ ಗುರುತು ಅಷ್ಟ, ಸರ್ವರಿನಾಗ ಸೆಷನ್ ಇನ್ನೂ ತೆರದ ಇರ್ತೈತಿ. ಬ್ರೌಸರಿಗೆ ಕೂಡಿಸಿದ ಯಾವುದರೆ ಕೆಟ್ಟ ಎಕ್ಸ್‌ಟೆನ್ಷನ್ ಮಧ್ಯಾಹ್ನನ ಆ ಕುಕೀ ಕದ್ದಿದ್ರ, ರಾತ್ರಿ ಅಳಿಸಿ ಏನ್ ಬಂತು? ಲಾಗೌಟ್ ಒತ್ತಿದ್ರ, ಸೈಟ್ ನೆಟ್ಟಗ ಕಟ್ಟಿದ್ದಿದ್ರ, ಸರ್ವರಿನಾಗೂ ಸೆಷನ್ ಮುಗೀತೈತಿ. ಸಂಶಯ ಬಂದ್ರ ಖಾತೆಯೊಳಗ ಹೋಗಿ ಎಲ್ಲಾ ಡಿವೈಸಿನಿಂದ ಸೈನ್ ಔಟ್ ಮಾಡಿ ಪಾಸ್‌ವರ್ಡ್ ಬದಲಸ್ರಿ.

ಮಲ್ಲು: ಅಂಗಡ್ಯಾಗ ಗಿರಾಕಿ ಕೆಲಸಕ್ಕ ಕ್ರೋಮ್ ಗೆಸ್ಟ್ ವಿಂಡೋ ಬಳಸ್ರಿ. ಎಲ್ಲಾ ಗೆಸ್ಟ್ ವಿಂಡೋ ಮುಚ್ಚಿದ ಕೂಡ್ಲೆ ಕುಕೀ ತಾವ ಹೋಗ್ತಾವ. ನಿಮ್ಮ ಪ್ರೊಫೈಲ್ ಮುಟ್ಟೂದು ಬ್ಯಾಡ.

ಬಸು ಕಾಕಾ: ಮುಚ್ಚೂದ ಮರತ್ರ? ತಾನ ಅಳಿಸೂ ಸೆಟ್ಟಿಂಗ್ ಇದ್ರ ಮಂದಿ ನೆನಪಿನ ಮ್ಯಾಲೆ ನಿಂದ್ರೂದಿಲ್ಲ.

ಮಲ್ಲು: ಅದೂ ಬ್ರೌಸರ್ ಮುಚ್ಚಿದಾಗನ ಅಳಿಸೂದ್ರಿ ಕಾಕಾ. ಒಂದು ವಿಂಡೋ ತೆರದಿದ್ರೂ ಕುಕೀ ಹಂಗ ಇರ್ತಾವ. ‘ಹಿಂದ ಬಿಟ್ಟಲ್ಲಿಂದ ಮುಂದುವರಿಸು’ ಆರಿಸಿದ್ರ ಅವಧಿ ಬರೀದ, ಮುಚ್ಚಿದಾಗ ಹೋಗಬೇಕಾದ ಸೆಷನ್ ಕುಕೀನೂ ವಾಪಸ್ ಬರ್ತಾವ.

ಗೀತಕ್ಕ: ಅಳಿಸೂದ ಬೇಕಂದ್ರ ಫೈರ್‌ಫಾಕ್ಸ್‌ನಾಗ ಹಿಂಗ ಮಾಡ್ರಿ. ಸೆಟ್ಟಿಂಗ್ಸ್, ಪ್ರೈವಸಿ, ಅಲ್ಲೆ ‘ಫೈರ್‌ಫಾಕ್ಸ್ ಮುಚ್ಚಿದಾಗ ಕುಕೀ ಅಳಿಸು’ ಅನ್ನೂದಕ್ಕ ಟಿಕ್. ಬಾಜೂಕ ಎಕ್ಸೆಪ್ಷನ್ ಪಟ್ಟಿ ತೆರದು, ಉಳೀಬೇಕಾದ ಸೈಟಿನ ಪೂರ್ತಿ ವಿಳಾಸ ಎಚ್‌ಟಿಟಿಪಿಎಸ್ ಸಮೇತ ಹಾಕಿ ‘ಅಲೌ’, ಆಮ್ಯಾಲೆ ‘ಸೇವ್’. ಲಾಗಿನ್ ಪುಟ ಬ್ಯಾರೆ ಡೊಮೇನಿನಾಗ (ಬ್ಯಾರೆ ಸೈಟ್ ವಿಳಾಸದಾಗ) ಇದ್ರ ಅದನ್ನೂ ಸೇರಿಸ್ರಿ, ಇಲ್ಲಾಂದ್ರ ದಿನಾ ಪಾಸ್‌ವರ್ಡ್ ಕೇಳ್ತೈತಿ.

ಗೀತಕ್ಕ: ಮುಖ್ಯ ಮಾತು: ಮುಚ್ಚಿದಾಗ ಹಿಸ್ಟರಿ ಅಳಿಸೂ ಪಟ್ಟಿಯೊಳಗ ‘ಸೈಟ್ ಸೆಟ್ಟಿಂಗ್ಸ್’ ಟಿಕ್ ತಗೀರಿ. ಎಕ್ಸೆಪ್ಷನ್ ಪಟ್ಟಿ ಇರೂದೂ ಅದರಾಗ, ಟಿಕ್ ಇದ್ರ ಆ ಪಟ್ಟಿನೂ ಅಳಿಸಿ ಹೋಗ್ತೈತಿ.

ಬಸು ಕಾಕಾ: ಅದಕ್ಕ ಪಟ್ಟಿ ಹಾಕಿದ್ರೂ ಉಳೀವಲ್ದು ಅಂತೀರಿ. ಏನೂ ಟಿಕ್ ಇಲ್ದನೂ ಲಾಗಿನ್ ಹೋಗ್ತೈತಲ್ಲ, ಅದಕ್ಕೇನಂತಿ ಗೀತವ್ವ?

ಗೀತಕ್ಕ: ಮೊದಲ ಕ್ಲೀನರ್ ಸಾಫ್ಟ್‌ವೇರ್ ನೋಡ್ರಿ, ಭಾಳ ಸಲ ಅದ ಅಳಿಸಿರ್ತೈತಿ. ಆಮ್ಯಾಲೆ ತಾರೀಖು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ರ ಗಡಿಯಾರ ಹಿಂದ ಬೀಳ್ತೈತಿ. ಆಗ ಬಂದ ಕುಕೀ, ತಾರೀಖು ಸರಿ ಆದ ಕೂಡ್ಲೆ ಅವಧಿ ಮುಗದಂಗ ಕಾಣ್ತೈತಿ. ಸಿ ಡ್ರೈವ್ ತುಂಬಿದ್ರೂ ಕುಕೀ ಫೈಲ್ ಬರೀಲಿಕ್ಕೆ ಆಗೂದಿಲ್ಲ.

ಮಲ್ಲು: ಐಫೋನಿನ್ಯಾಗ ಇನ್ನೊಂದು. 2020ರಿಂದ ಸಫಾರಿ, ಬಳಕೆಯ 7 ದಿನ ಒಂದು ಸೈಟ್ ಮುಟ್ಟಲಿಲ್ಲಂದ್ರ, ಅದರ ಸ್ಕ್ರಿಪ್ಟ್ (ಪುಟದೊಳಗಿನ ಕೋಡ್) ಬರದಿಟ್ಟ ಭಾಷೆ, ಥೀಮ್ ಎಲ್ಲಾ ಒಗೀತೈತಿ. ಕ್ರೋಮ್ 104ರಿಂದ ಯಾವ ಕುಕೀನೂ 400 ದಿನ ದಾಟೂದಿಲ್ಲ. ಬ್ಯಾಂಕ್ ಸೈಟ್ ಕೆಲವು ನಿಮಿಷದಾಗ ಹೊರಗ ಹಾಕೂದು ಸರ್ವರಿನ ನಿಯಮ, ಬ್ರೌಸರ್ ಸೆಟ್ಟಿಂಗ್ ಬದಲಿಸಿದ್ರ ಆಗೂದಿಲ್ಲ.

ಬಸು ಕಾಕಾ: ಆತು. ಅಂಗಡ್ಯಾಗ ಅಳಿಸೂದು ನಾ ಬಿಡೂದಿಲ್ಲ. ನಮ್ಮ ಎರಡು ಸೈಟ್ ಅಷ್ಟ ಎಕ್ಸೆಪ್ಷನ್ನಿಗೆ ಹಾಕ್ತೀನಿ.

ಮಲ್ಲು: ಅದರಾಗ ಬ್ಯಾಂಕ್ ಹಾಕಬ್ಯಾಡ್ರಿ ಕಾಕಾ. ಆ ಫಾರ್ವರ್ಡ್ ಎಲ್ಲಾರಿಗೂ ಡಿಲೀಟ್ ಮಾಡ್ರಿ.